ತೊಟ್ಟಿ ಮಾರಾಟಕ್ಕಿಲ್ಲ

ನೆಗಡಿ ಬಂತೆಂದು ಯಾರೂ ಮೂಗು ಕುಯ್ದುಕೊಳ್ಳುವುದಿಲ್ಲ. ಆದರೆ ಆ ಗುರುವಾರ ಮಧ್ಯಾಹ್ನ, ರಂಗಮಂದಿರದ ಎಡಗಡೆಯ ವಿಂಗಿನಲ್ಲಿ, ಪರದೆಯ ಮರೆಗೆ, ತನ್ನ ಕುಂಟು ಸ್ಟೂಲಿನ ಮೇಲೆ ಕೂತಿದ್ದ ಪಿಸುಮಾಮನಿಗೆ ಅದೂ ಒಂದು ದಾರಿಯೇ ಅನ್ನಿಸಿತು. ಒಂದು ಹೊಳ್ಳೆ ಪೂರ್ತಿ ಮುಚ್ಚಿತ್ತು. ಇನ್ನೊಂದು ತನಗೆ ಮನಸ್ಸು ಬಂದಾಗ ತೆರೆದು, ಬಾರದಿದ್ದಾಗ ಮುಚ್ಚುತ್ತಿತ್ತು, ಟಿಕೇಟು ಕೊಡುವ ಕಿಟಕಿಯ ಹಾಗೆ.

ಪಿಸುಮಾಮ ಅಂತ ಕರೆಯುತ್ತಿದ್ದವರು ನಾಟಕ ತಂಡದವರು. ಮೂವತ್ತೊಂದು ವರ್ಷದಿಂದ ಅವನು ಅಲ್ಲಿಯ ಪ್ರಾಂಪ್ಟರ್. ನಾಟಕದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಟರು ಮಾತು ಮರೆತಲ್ಲಿ ಪಿಸುಗುಟ್ಟಿ ಎತ್ತಿಕೊಡುವುದು ಅವನ ಕೆಲಸ. ಹೇಳಿದಷ್ಟು ಸುಲಭವಲ್ಲ. ಮಾತು ನಟನ ಕಿವಿಗೆ ಬೀಳಬೇಕು, ಮೊದಲ ಸಾಲಿನಲ್ಲಿ ಕೂತವನ ಕಿವಿಗೆ ಬೀಳಬಾರದು. ಬೇಗ ಕೊಟ್ಟರೆ ನಟನಿಗೆ ಸಿಟ್ಟು, ತಡವಾದರೆ ನಾಟಕಕ್ಕೆ ಪೆಟ್ಟು. ಒಳ್ಳೆಯ ಪ್ರಾಂಪ್ಟರ್ ಇದ್ದಾನೆಂದು ಯಾರಿಗೂ ಗೊತ್ತಾಗುವುದಿಲ್ಲ, ಒಳ್ಳೆಯ ಜೀರ್ಣಶಕ್ತಿಯ ಹಾಗೆ. ಪಿಸುಮಾಮನಿಗೆ ಇದೇ ಹಿತವಾಗಿತ್ತು. ಮಾತಿಗಿಂತ ಮಾತುಗಳ ನಡುವಿನ ಸಂದು ಅವನಿಗೆ ಇಷ್ಟ. ಯಾವ ಮೌನ ನಟನೆ, ಯಾವ ಮೌನ ಮರೆವು ಅನ್ನುವುದನ್ನು ಅವನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲ.

ಹಾಗೆ ಹೇಳಬಲ್ಲವನಾದ್ದರಿಂದಲೇ ಅವನಿಗೆ ಕಷ್ಟ. ಈ ನಾಟಕದ ಮುಖ್ಯ ಪಾತ್ರ ಅವನ ಸ್ವಂತ ಅಕ್ಕನದು. ಮನೆ ಬಿಡಲು ಒಪ್ಪದ ಒಬ್ಬ ಮುದುಕಿಯ ಪಾತ್ರ. ಅಕ್ಕನಿಗೆ ಅರವತ್ತಾರು, ಇವನಿಗೆ ಐವತ್ತೊಂಬತ್ತು. ಭಾವ ತೀರಿಕೊಂಡ ಮೇಲೆ ಅವಳು ಮದುವೆಯಾಗದ ಈ ತಮ್ಮನ ಮೂರನೇ ಮಹಡಿಯ ಮನೆಗೆ ಎರಡು ಪೆಟ್ಟಿಗೆ ಮತ್ತು ಒಂದು ದೊಡ್ಡ ದನಿಯೊಂದಿಗೆ ಬಂದು ಸೇರಿದ್ದಳು. ಅವಳು ಮಾತು ಮರೆತ ಕಡೆಯೆಲ್ಲ ಅವನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದ. ಹೋದ ವರ್ಷದ ನಾಟಕದಲ್ಲಿ ಎರಡು ಚುಕ್ಕೆ ಇದ್ದವು. ಈ ವರ್ಷ ಹದಿನೇಳು. ಹದಿನೇಳನ್ನೂ ಅವನು ಎಷ್ಟು ನಾಜೂಕಾಗಿ ಎತ್ತಿಕೊಡುತ್ತಿದ್ದನೆಂದರೆ, ಮರೆತದ್ದು ಅಕ್ಕನಿಗೇ ಗೊತ್ತಿರಲಿಕ್ಕಿಲ್ಲ ಎಂದುಕೊಂಡಿದ್ದ.

ಎಲ್ಲಕ್ಕಿಂತ ಅಪಾಯದ ಜಾಗ ಎರಡನೇ ಅಂಕದಲ್ಲಿತ್ತು. ಮನೆ ಕೊಳ್ಳಲು ಬಂದವನಿಗೆ ಮುದುಕಿ ಒಂದೊಂದೇ ವಸ್ತು ತೋರಿಸುತ್ತಾಳೆ. ಬಾಗಿಲು, ಕಿಟಕಿ, ಒಲೆ, ಮೆಟ್ಟಿಲು, ಕನ್ನಡಿ, ಕೊನೆಗೆ ಸ್ನಾನದ ತೊಟ್ಟಿ. ಪ್ರತಿಯೊಂದರ ಕೊನೆಗೂ ಅದೇ ಮಾತು: "ಇದು ಮಾರಾಟಕ್ಕಿಲ್ಲ." ಬರೆದವನಿಗೆ ಚಪ್ಪಾಳೆ ಸಿಗುವ ಜಾಗ, ಆಡುವವರಿಗೆ ಕಾಲು ಜಾರುವ ಜಾಗ. ಆರು ದಾರಿ ಸೇರುವ ವೃತ್ತದಲ್ಲಿ ನಿಂತ ಹಾಗೆ. ಒಮ್ಮೆ ತಪ್ಪು ದಾರಿ ಹಿಡಿದರೆ ಮತ್ತೆ ಅದೇ ವೃತ್ತಕ್ಕೆ ಬಂದು ನಿಲ್ಲುವುದು.

ಗುರುವಾರದ ತಾಲೀಮು ಮುಗಿದ ಮೇಲೆ ನಿರ್ದೇಶಕ ವಿಂಗಿಗೆ ಬಂದ. ಮೂವತ್ತೆರಡರ ಹುಡುಗ, ಒಳ್ಳೆಯವನೇ, ಆದರೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ.

"ಮಾಮ, ಒಂದು ಮಾತು. ಅಕ್ಕನಿಗೆ ಹೇಳ್ಬೇಡಿ," ಅಂತ ದನಿ ತಗ್ಗಿಸಿದ. "ಈ ಭಾನುವಾರದ ಪ್ರದರ್ಶನದಲ್ಲಿ ನಾನು ಮೊದಲನೇ ಸಾಲಲ್ಲಿ ಕೂತ್ಕೋತೀನಿ. ಅಕ್ಕ ತಡವರಿಸ್ತಿದ್ದಾರೆ ಅಂತ ನನಗೆ ಅನುಮಾನ. ಅದು ನಿಜ ಆದ್ರೆ ಮುಂದಿನ ವಾರದಿಂದ ಪಾತ್ರ ಬೇರೆಯವರಿಗೆ. ನನಗೂ ಬೇಜಾರೇ."

"ಡಡಗೇಡೂ ಹಾಗೆ ಅಡ್ಡಿಸಿಲ್ಲ," ಅಂದ ಪಿಸುಮಾಮ. ನನಗೇನೂ ಹಾಗೆ ಅನ್ನಿಸಿಲ್ಲ ಅಂತ ಅವನು ಹೇಳಹೊರಟದ್ದು.

ನಿರ್ದೇಶಕ ಎರಡು ಹೆಜ್ಜೆ ಹಿಂದೆ ಸರಿದ. "ಮಾಮ, ನಿಮಗೆ ನೆಗಡಿ!"

"ಇಲ್ಲ."

"ಇಲ್ಲ ಅಂದ್ರೆ? ನಿಮ್ಮ ಕಣ್ಣು ನೋಡ್ಕೊಳ್ಳಿ, ಈರುಳ್ಳಿ ಹೆಚ್ಚಿದ ಹಾಗಿದೆ. ಭಾನುವಾರದೊಳಗೆ ವಾಸಿ ಮಾಡ್ಕೊಳ್ಳಿ ಮಾರಾಯ್ರೆ. ನಾಟಕದ ಮಧ್ಯೆ ಸೀನಿಬಿಟ್ಟೀರಿ."

ಮದ್ದು ತೆಗೆದುಕೊಂಡರೆ ಏಳು ದಿನ, ಬಿಟ್ಟರೆ ಒಂದು ವಾರ ಅನ್ನುತ್ತಾರೆ ನೆಗಡಿಗೆ. ಪಿಸುಮಾಮನ ಹತ್ತಿರ ಇದ್ದದ್ದು ಮೂರು ದಿನ.

ಅವನು ಚೀಲ ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಅಕ್ಕ ಹಿಂಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ತಂಡದ ಬಡಗಿ. ರಂಗಸಜ್ಜಿಕೆಯೆಲ್ಲ ಮಾಡುವವನೂ ನಾಟಕದ ಸಾಮಾನುಗಳನ್ನು ಕಾಯುವವನೂ ಅವನೇ. ಇಬ್ಬರ ನಡುವೆ, ಒಂದು ಕೈಗಾಡಿಯ ಮೇಲೆ, ನಾಟಕದ ತೊಟ್ಟಿ. ಯಾವುದೋ ಹಳೆಯ ವಸತಿಗೃಹ ಕೆಡವುವಾಗ ತಂದ ಸತುವಿನ ತೊಟ್ಟಿ. ಆರನೇ ವಸ್ತು.

"ಅಕ್ಕಾ, ಕೈ ಮುಗಿತೀನಿ," ಅನ್ನುತ್ತಿದ್ದ ಬಡಗಿ. "ಇದು ನಾಟಕದ ಸಾಮಾನು. ಇದರಲ್ಲಿ ಯಾರೂ ಸ್ನಾನ ಮಾಡಲ್ಲ."

"ತೊಟ್ಟಿ ಇರೋದು ಮತ್ತೇನಕ್ಕೆ? ಪೂಜೆ ಮಾಡೋಕಾ?"

"ಭಾನುವಾರ ಹನ್ನೆರಡಕ್ಕೆ ಇದು ರಂಗದ ಮೇಲಿರಬೇಕು."

"ಇರತ್ತೆ. ನನ್ನ ತಮ್ಮನ್ನ ನೋಡು, ಒದ್ದೆ ಬೆಕ್ಕಿನ ಹಾಗಾಗಿದಾನೆ. ಅವನಿಗೆ ಕುತ್ತಿಗೆವರೆಗೆ ಬಿಸಿನೀರಲ್ಲಿ ಕೂರೋದು ಬಿಟ್ಟು ಬೇರೆ ದಾರಿ ಇಲ್ಲ. ಮನೇಲಿರೋದು ಒಂದು ಬಕೆಟ್ಟು. ಬಕೆಟ್ಟಲ್ಲಿ ಅವನ ಒಂದು ಕಾಲು ಹಿಡಿಯತ್ತೆ. ಒಂದು ಕಾಲಿಗಾ ನೆಗಡಿ ಬಂದಿರೋದು?"

ಬಡಗಿ ಪಿಸುಮಾಮನ ಮುಖ ನೋಡಿದ. ಪಿಸುಮಾಮ ಆಕಾಶ ನೋಡಿದ. ಅಕ್ಕ ಒಂದು ಸಲ ಹಿಡಿದಳೆಂದರೆ ಉಡದ ಪಟ್ಟು, ಇಬ್ಬರಿಗೂ ಗೊತ್ತಿತ್ತು.

ಮೂರು ಮಹಡಿಯ ಮೆಟ್ಟಿಲಲ್ಲಿ ತೊಟ್ಟಿ ನಾಲ್ಕು ಸಲ ಗೋಡೆಗೆ ಬಡಿಯಿತು. ಎರಡನೇ ಮಹಡಿಯ ದರ್ಜಿ ಬಾಗಿಲು ತೆಗೆದು, ಒಳಗಿಂದ ಸೂಜಿ ಹಿಡಿದ ಕೈಯನ್ನೇ ಮೂಗಿನ ಮೇಲಿಟ್ಟುಕೊಂಡು ನೋಡಿದ. ದಾರಿಯಲ್ಲಿ ಅಕ್ಕ ತೈಲದಂಗಡಿಗೂ ಹೋಗಿ ಬಂದಿದ್ದಳು. ಎರಡು ಸಣ್ಣ ಸೀಸೆ: ಒಂದರಲ್ಲಿ ನೀಲಗಿರಿ ಎಣ್ಣೆ, ಇನ್ನೊಂದರಲ್ಲಿ ಪುದೀನ ಎಣ್ಣೆ.

"ಅಂಗಡಿಯಾಕೆ ಹೇಳಿದ್ದು ಕೇಳು," ಅಂದಳು ಅಕ್ಕ, ನೀರು ಕಾಯಲು ಇಡುತ್ತಾ. "ನೀರು ಬೆಚ್ಚಗಿರಬೇಕಂತೆ, ಸುಡಬಾರದಂತೆ. ಎರಡೂ ಸೇರಿ ಐದಾರು ಹನಿ. ಬರೀ ಹನಿ ನೀರಿಗೆ ಹಾಕಿದ್ರೆ ತೇಲಿ ಮೈಗೆ ಹತ್ತಿ ಉರಿಯತ್ತಂತೆ. ಎರಡು ಚಮಚ ಸಾದಾ ಎಣ್ಣೇಲಿ ಕಲಸಿ ಹಾಕಬೇಕಂತೆ. ಆಮೇಲೆ ಹತ್ತು ನಿಮಿಷ ಕೂತು, ಉಗಿ ಎಳ್ಕೊಂಡು, ಒರೆಸ್ಕೊಂಡು, ಹೊದ್ಕೊಂಡು ಮಲಗಬೇಕಂತೆ. ನೆಗಡಿ ಓಡಿಹೋಗಲ್ವಂತೆ, ಆದ್ರೆ ಮೂಗು ಬಿಡತ್ತಂತೆ."

"ಬೂಗು ಬಿಟ್ರೆ ಸಾಕು."

"ಬೂಗಂತೆ! ಹೋಗು, ಬಟ್ಟೆ ಬಿಚ್ಚು."

ಬಚ್ಚಲ ಕೋಣೆಯಲ್ಲಿ ತೊಟ್ಟಿ ಇಟ್ಟ ಮೇಲೆ ಬಾಗಿಲು ಅರ್ಧವೇ ಮುಚ್ಚುತ್ತಿತ್ತು. ಪಿಸುಮಾಮ ಸೊಂಟಕ್ಕೆ ಟವೆಲು ಸುತ್ತಿಕೊಂಡು ಹೊರಗಿನ ಓಣಿಯಲ್ಲಿ ನಡುಗುತ್ತಾ ನಿಂತ. ಒಳಗೆ ಅಕ್ಕ ಬೆಚ್ಚನೆಯ ನೀರಿನ ಮೇಲೆ ಬಗ್ಗಿ, ಎರಡೂ ಕೈಯಲ್ಲಿ ಒಂದೊಂದು ಸೀಸೆ ಹಿಡಿದು, ಹನಿ ಹಾಕಲು ಶುರು ಮಾಡಿದಳು. ಅವಳು ಯಾವ ಕೆಲಸವನ್ನೂ ಬರಿದೇ ಮಾಡಿದವಳಲ್ಲ. ತರಕಾರಿ ಹೆಚ್ಚುವಾಗ ಮಾತಿನ ತಾಲೀಮು, ಬಟ್ಟೆ ಮಡಚುವಾಗ ಮಾತಿನ ತಾಲೀಮು.

"ಆರು ಹನಿ, ಆರು ವಸ್ತು," ಅಂದಳು ತನಗೆ ತಾನೇ. "ಸರಿಹೋಯ್ತು, ಬೆರಳು ಎಣಿಸೋ ಗೋಜಿಲ್ಲ." ದನಿ ಬದಲಾಯಿತು. ಈಗ ಅವಳು ಮುದುಕಿ. "ಈ ಬಾಗಿಲು ನೋಡಿದಿರಾ? ನನ್ನ ಗಂಡ ಸಿಟ್ಟು ಮಾಡಿಕೊಂಡು ಹೋದಾಗಲೆಲ್ಲ ಇದು ಅರ್ಧ ತೆರೆದೇ ಇರುತ್ತಿತ್ತು. ಇದು ಮಾರಾಟಕ್ಕಿಲ್ಲ." ಒಂದು ಹನಿ. "ಈ ಕಿಟಕಿ. ಬೀದಿಯ ಜಗಳವನ್ನೆಲ್ಲ ನಾನು ಇಲ್ಲಿಂದ ಪುಕ್ಕಟೆ ನೋಡಿದ್ದೇನೆ. ಇದು ಮಾರಾಟಕ್ಕಿಲ್ಲ." ಇನ್ನೊಂದು.

ಒಲೆ. ಮೆಟ್ಟಿಲು. "ಈ ಕನ್ನಡಿ. ನನ್ನ ವಯಸ್ಸು ಇದಕ್ಕೆ ಗೊತ್ತು, ಆದರೂ ಬಾಯಿ ಬಿಟ್ಟಿಲ್ಲ. ಇದು ಮಾರಾಟಕ್ಕಿಲ್ಲ." ಐದನೇ ಹನಿ.

ಪಿಸುಮಾಮ ತುಟಿಯಲ್ಲೇ ಅಂದುಕೊಂಡ: ತೊಟ್ಟಿ.

"ಈ ಕಿಟಕಿ," ಅಂದಳು ಅಕ್ಕ.

ಅವನು ಟವೆಲಿನ ಗಂಟು ಬಿಗಿಹಿಡಿದ.

ಕಿಟಕಿ, ಒಲೆ, ಮೆಟ್ಟಿಲು, ಕನ್ನಡಿ. ಮತ್ತೆ ಕಿಟಕಿ. ತೊಟ್ಟಿಯ ಮೇಲೆಯೇ ಬಗ್ಗಿ ನಿಂತವಳಿಗೆ ತೊಟ್ಟಿಯೊಂದೇ ಕಾಣುತ್ತಿರಲಿಲ್ಲ. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಪ್ರತಿ ಸಲವೂ ಅದೇ ಏರು, ಅದೇ ಇಳಿತ, ಅದೇ ಚೆಂದ. ಪ್ರತಿ "ಮಾರಾಟಕ್ಕಿಲ್ಲ"ಕ್ಕೂ ನೀರಿನಲ್ಲಿ ಒಂದು ಸಣ್ಣ ಸದ್ದು.

ಒಂದು ಮಾತು ಅಂದರೆ ಮುಗಿಯುತ್ತಿತ್ತು. ಆದರೆ ರಂಗಮಂದಿರದಲ್ಲಿ ಮಾತು ಎತ್ತಿಕೊಡುವುದು ಕೆಲಸ. ಮನೆಯಲ್ಲಿ, ಒದ್ದೆ ಓಣಿಯಲ್ಲಿ ಟವೆಲು ಸುತ್ತಿಕೊಂಡು ನಿಂತು, ಅಕ್ಕಾ ನೀನು ಮರೆತೆ ಅನ್ನುವುದು ಬೇರೆಯೇ ಮಾತು. ಆ ಮಾತನ್ನು ಅವನು ಮನೆಯೊಳಗೆ ಇದುವರೆಗೆ ಆಡಿರಲಿಲ್ಲ. ಆಡಿದರೆ ಅದು ನಿಜವಾಗಿಬಿಡುತ್ತದೆ ಅಂತ ಅವನಿಗೆ ಎಲ್ಲೋ ಒಳಗೆ ಹೆದರಿಕೆ. ಹನಿ ಎಣಿಸಿದ. ಇಪ್ಪತ್ತೊಂದು. ಇಪ್ಪತ್ತೆರಡು.

ಇಪ್ಪತ್ತಾರರಲ್ಲಿ ಒಂದು ಸೀಸೆ ಖಾಲಿಯಾಯಿತು. ಖಾಲಿ ಸೀಸೆಯನ್ನು ಕೆಳಗಿಡಲು ಬಗ್ಗಿದಾಗ ಅವಳ ಮೊಣಕೈ ಸತುವಿಗೆ ತಗುಲಿ ಢಣ್ಣೆಂದಿತು. "ಈ ತೊಟ್ಟಿ," ಅಂದಳು ಕೂಡಲೇ, ಏನೂ ಆಗದವಳ ಹಾಗೆ. "ನನ್ನ ನಾಲ್ಕು ಮಕ್ಕಳು ಅತ್ತಿದ್ದೂ ಇದರಲ್ಲೇ, ನಕ್ಕಿದ್ದೂ ಇದರಲ್ಲೇ. ಇದು ಮಾರಾಟಕ್ಕಿಲ್ಲ." ಆಮೇಲೆ ಬಾಗಿಲ ಕಡೆ ತಿರುಗಿ ತನ್ನದೇ ದನಿಯಲ್ಲಿ, "ಬಾರೋ, ಆಯ್ತು."

"ಎಷ್ಟು ಹಡಿ ಹಾಕ್ದೆ?"

"ಆರು."

"ಸಾದಾ ಎಣ್ಣೆ?"

"ಅಯ್ಯೋ, ಅದೊಂದು ಮರೆತೆ ನೋಡು. ಪರವಾಗಿಲ್ಲ ಬಾ, ಆರು ಹನಿಗೆ ಏನಾಗತ್ತೆ."

ಪಿಸುಮಾಮ ಇಪ್ಪತ್ತೇಳು ಹನಿಯ ನೀರನ್ನು ನೋಡಿದ. ಅಕ್ಕನ ಮುಖ ನೋಡಿದ. ಅವಳ ಮುಖದಲ್ಲಿ ಒಂದು ಮಗುವಿನ ಜಂಬವಿತ್ತು. ಅವಳನ್ನು ಹೊರಗೆ ಕಳಿಸಿ, ಬಾಗಿಲು ಎಳೆದು, ಟವೆಲು ಬಿಟ್ಟು ಒಳಗೆ ಕೂತ.

ಮೊದಲು ಏನೂ ಆಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಆಯಿತು. ನೀಲಗಿರಿ ಉರಿಯತೊಡಗಿತು. ಪುದೀನ ಕೊರೆಯತೊಡಗಿತು. ಬೆಚ್ಚನೆಯ ನೀರಿನಲ್ಲಿ ಕೂತ ಮನುಷ್ಯ ಹಿಮದಲ್ಲಿ ಹೂತವನ ಹಾಗೆ ಹಲ್ಲು ಕಟಕಟಿಸಿದ. ಎಲ್ಲೆಲ್ಲಿ ಉರಿಯಬಾರದೋ ಅಲ್ಲಲ್ಲಿ ಉರಿಯಿತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

"ಹೇಗಿದೆಯೋ?" ಹೊರಗಿಂದ ಅಕ್ಕ.

"ಚೆಡ್ಡಾಗಿದೆ!"

"ನಾನು ಹೇಳಲಿಲ್ವಾ?"

ಅವನು ಚಿಮ್ಮಿ ಎದ್ದ. ಎದ್ದವನು ಅಲ್ಲೇ ನಿಂತ. ಮೂಗು ಬಿಟ್ಟಿತ್ತು. ಎರಡೂ ಹೊಳ್ಳೆ, ಒಂದೇ ಸಲ, ಕಟ್ಟೆ ಒಡೆದ ಹಾಗೆ. ಸತುವಿನ ವಾಸನೆ, ಸೋಪಿನ ವಾಸನೆ, ಕೆಳಗಿನ ಮಹಡಿಯ ದರ್ಜಿಯ ಇಸ್ತ್ರಿ ಪೆಟ್ಟಿಗೆಯ ವಾಸನೆ, ಎಲ್ಲ ಒಳಗೆ ನುಗ್ಗಿತು. ಐದು ನಿಮಿಷ ಲೋಕವೆಲ್ಲ ಅವನ ಮೂಗಿನೊಳಗಿತ್ತು. ಆಮೇಲೆ ಮೂಗಿನ ಬಾಗಿಲು ಮತ್ತೆ ಮುಚ್ಚಿತು. ತೊಡೆ ಮಾತ್ರ ಮಾರನೇ ದಿನದವರೆಗೂ ಟೊಮೇಟೊ ಹಣ್ಣಿನ ಹಾಗಿತ್ತು.

ಶುಕ್ರವಾರ ಅವನು ಉಪಾಯ ಮಾಡಿದ. ಹನಿ ತಾನೇ ಹಾಕಿಕೊಳ್ಳುವುದು, ಅಕ್ಕ ಹೊರಗೆ ಕೂತು ಮಾತು ಹೇಳುವುದು, ತಾನು ಕೇಳುವುದು. ಇನ್ನೊಂದು ಸೀಸೆಯಲ್ಲಿ ಉಳಿದಿದ್ದ ನೀಲಗಿರಿ, ಐದೇ ಹನಿ, ಎರಡು ಚಮಚ ಸಾದಾ ಎಣ್ಣೆಯಲ್ಲಿ ಕಲಸಿ ನೀರಿಗೆ ಬಿಟ್ಟ. ಈ ಸಲ ಅದು ಸ್ನಾನವೇ ಆಗಿತ್ತು. ಬೆಚ್ಚಗಿನ ನೀರು ಕುತ್ತಿಗೆಯ ಸುತ್ತ ಶಾಲಿನ ಹಾಗೆ ಕೂತಿತು, ಉಗಿ ಮೆಲ್ಲಗೆ ಮೂಗಿನ ಕದ ತಟ್ಟಿತು. ಬಾಗಿಲ ಆಚೆ ಅಕ್ಕ ಬಾಗಿಲು, ಕಿಟಕಿ, ಒಲೆ ಅನ್ನುತ್ತಿದ್ದಳು. ಕನ್ನಡಿಯಾದ ಮೇಲೆ ಒಂದು ಕ್ಷಣ ನಿಂತಳು. ಅವನು ಏನೂ ಅನ್ನಲಿಲ್ಲ. ಅಂಗೈಯಿಂದ ತೊಟ್ಟಿಯ ಅಂಚಿಗೆ ಒಮ್ಮೆ ಮೆಲ್ಲಗೆ ಬಡಿದ, ನೀರು ಸರಿಸುವವನ ಹಾಗೆ.

"ಈ ತೊಟ್ಟಿ," ಅಂದಳು ಅಕ್ಕ.

ಅಷ್ಟೇ. ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ.

ಶನಿವಾರವೂ ಹಾಗೇ. ಶನಿವಾರ ಸಂಜೆಗೆ ಸೀನು ನಿಂತಿತ್ತು, ಮೂಗು ಹೊಸ ಕೊಳವೆಯ ಹಾಗೆ ಸರಾಗವಾಗಿತ್ತು. ಆದರೆ ನೆಗಡಿ ಅನ್ನುವುದು ಬಾಡಿಗೆದಾರನ ಹಾಗೆ, ಮೇಲಿನ ಕೋಣೆ ಬಿಡಿಸಿದರೆ ಕೆಳಗಿನ ಕೋಣೆಗೆ ಇಳಿಯುತ್ತದೆ. ಭಾನುವಾರ ಬೆಳಿಗ್ಗೆ ಎದ್ದು "ಅಕ್ಕಾ" ಅನ್ನಹೋದ. ಗಂಟಲಿನಿಂದ ಬಂದದ್ದು ಎಣ್ಣೆ ಕಾಣದ ಬಾಗಿಲಿನ ಕಿರ್ರೆಂಬ ಸದ್ದು. ಪಿಸುಗುಟ್ಟಿ ನೋಡಿದ. ಪಿಸುಮಾತು ಅವನ ತುಟಿಯಿಂದ ಹೊರಟು ಅವನ ಮೂಗಿನವರೆಗೆ ಹೋಗಿ ಸುಸ್ತಾಗಿ ಬಿತ್ತು.

ಅಕ್ಕ ಅವನ ಗಂಟಲು ಮುಟ್ಟಿ ನೋಡಿದಳು. "ಹೋಗ್ಲಿ ಬಿಡು," ಅಂದಳು. "ಮೂಗು ಕೊಟ್ಟು ಗಂಟಲು ತಗೊಂಡ ಹಾಗಾಯ್ತು." ಸುಮ್ಮನೆ ತಲೆ ಬಾಚಿಕೊಳ್ಳಲು ಹೋದಳು. ಬಾಚಣಿಗೆ ಕೂದಲಲ್ಲಿ ನಿಂತದ್ದು ಅವನಿಗೆ ಕನ್ನಡಿಯಲ್ಲಿ ಕಾಣಿಸಿತು.

ಹನ್ನೊಂದಕ್ಕೆ ಬಡಗಿ ಬಂದು ತೊಟ್ಟಿ ಎತ್ತಿಕೊಂಡ. ಎತ್ತಿಕೊಂಡವನು ಇಳಿಸಿದ.

"ಅಕ್ಕಾ! ಏನಿದು ವಾಸನೆ? ಆಸ್ಪತ್ರೆ ಇಟ್ಟಿದ್ರಾ ಇದರಲ್ಲಿ?"

"ಮೂರು ಸಲ ಸೋಪು ಹಾಕಿ ಉಜ್ಜಿದೀನಪ್ಪಾ. ನಿಂಬೆಹಣ್ಣೂ ಆಯ್ತು."

"ನಿಂಬೆಹಣ್ಣಿನ ವಾಸನೆಯೂ ಸೇರಿದೆ ಅಷ್ಟೇ. ಮೊದಲನೇ ಸಾಲಿನವರು ಎದ್ದು ಓಡ್ತಾರೆ."

"ಓಡಿದ್ರೆ ಓಡ್ಲಿ, ಮೂಗಾದ್ರೂ ಬಿಟ್ಟಿರತ್ತೆ."

ಮೂರು ಗಂಟೆಗೆ ಪರದೆ ಎದ್ದಿತು. ನಿರ್ದೇಶಕ ಮೊದಲನೇ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿಕೊಂಡಿದ್ದ. ಪಿಸುಮಾಮ ಕುಂಟು ಸ್ಟೂಲನ್ನು ಪರದೆಯ ಅಂಚಿಗೆ ಆದಷ್ಟು ಹತ್ತಿರ ಎಳೆದುಕೊಂಡ. ಮೊದಲ ಅಂಕದಲ್ಲಿ ಒಂದು ವಿಚಿತ್ರ ಕಂಡ. ಪುಸ್ತಕದಲ್ಲಿ ಚುಕ್ಕೆ ಇದ್ದ ಕಡೆಯೆಲ್ಲ, ಚುಕ್ಕೆ ಬರುವ ಒಂದು ಸಾಲು ಮೊದಲೇ, ಅಕ್ಕ ಏನಾದರೊಂದು ನೆಪ ತೆಗೆದು ಎಡ ವಿಂಗಿನ ಪಕ್ಕಕ್ಕೆ ಬರುತ್ತಿದ್ದಳು. ಒಮ್ಮೆ ಪರದೆಯ ಧೂಳು ಕೊಡವಲು. ಒಮ್ಮೆ ಮಂಡಿ ನೋವೆಂದು ಕಂಬಕ್ಕೆ ಒರಗಲು. ಒಮ್ಮೆ ಸುಮ್ಮನೆ. ಅವನ ಸವೆದ ಪಿಸುಮಾತು ಅಲ್ಲಿಯವರೆಗೆ ತಲುಪುತ್ತಿತ್ತು.

ಅಂದರೆ ಅವಳಿಗೆ ಗೊತ್ತಿತ್ತು. ಹದಿನೇಳೂ ಗೊತ್ತಿತ್ತು. ಎಲ್ಲಿ ಬೀಳುತ್ತೇನೆಂದು ತಿಳಿದವಳು, ಯಾರ ಪಕ್ಕದಲ್ಲಿ ಬೀಳಬೇಕೆಂದೂ ತಿಳಿದಿದ್ದಳು. ಪಿಸುಮಾಮನ ಕಣ್ಣು ಮಂಜಾಯಿತು. ನೀಲಗಿರಿಯದೇ ಇರಬೇಕು ಅಂದುಕೊಂಡ.

ಆದರೆ ಎರಡನೇ ಅಂಕದಲ್ಲಿ ಅವಳು ರಂಗದ ನಟ್ಟನಡುವೆ, ತೊಟ್ಟಿಗೆ ಬೆನ್ನು ಹಾಕಿ ನಿಲ್ಲಬೇಕು. ಅಲ್ಲಿಂದ ವಿಂಗಿಗೆ ಹದಿನಾಲ್ಕು ಹೆಜ್ಜೆ. ಮನೆ ಕೊಳ್ಳುವವನ ಪಾತ್ರದ ನಟ ತೊಟ್ಟಿಯ ಪಕ್ಕದಲ್ಲೇ ನಿಂತು, ಯಾವ ದುಃಖವೂ ಇಲ್ಲದೆ ಕಣ್ಣೀರು ಸುರಿಸುತ್ತಿದ್ದ.

"ಈ ಬಾಗಿಲು ನೋಡಿದಿರಾ?" ಅಕ್ಕ ಶುರು ಮಾಡಿದಳು.

ಬಾಗಿಲು ಸರಿ. ಕಿಟಕಿ ಸರಿ. ಒಲೆ, ಮೆಟ್ಟಿಲು. ಕನ್ನಡಿಗೆ ಜನ ನಕ್ಕರು. "ಇದು ಮಾರಾಟಕ್ಕಿಲ್ಲ." ಪಿಸುಮಾಮನ ಬೆರಳು ತೊಟ್ಟಿಯ ಮಾತಿನ ಮೇಲಿತ್ತು.

"ಈ ಕಿಟಕಿ," ಅಂದಳು ಅಕ್ಕ.

ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮುದುಕಿಗೆ ಕಿಟಕಿಯ ಮೇಲೆ ಮೋಹ ಜಾಸ್ತಿ ಅಂದುಕೊಂಡಿರಬೇಕು. ಆದರೆ ನಿರ್ದೇಶಕನ ಮೇಲಿನ ಕಾಲು ಕೆಳಗಿಳಿಯಿತು. ಪಿಸುಮಾಮ ಬಾಯಿಗೆ ಕೈ ಮರೆ ಮಾಡಿ "ತೊಟ್ಟಿ" ಅಂದ. ಅವನಿಗೇ ಕೇಳಿಸಲಿಲ್ಲ. ಸ್ವಲ್ಪ ಬಲ ಹಾಕಿದ. ಕಿರ್ರ್. ಒಲೆ ಹೋಯಿತು, ಮೆಟ್ಟಿಲು ಹೋಯಿತು. ಎರಡನೇ ಸಲ ಕನ್ನಡಿ ಬಂದಾಗ ಯಾರೂ ನಗಲಿಲ್ಲ. ಅಕ್ಕ "ಇದು ಮಾರಾಟಕ್ಕಿಲ್ಲ" ಅಂದು ನಿಂತಳು.

ಆ ಮೌನ ಅವನಿಗೆ ಗೊತ್ತಿತ್ತು. ಅದು ನಟನೆಯದಲ್ಲ. ಅವಳ ಬೆರಳುಗಳು ಸೆರಗಿನ ಅಂಚು ಹುಡುಕುತ್ತಿದ್ದವು. ಇನ್ನೊಂದು ಉಸಿರಿನಲ್ಲಿ ಮೂರನೇ ಸಲ ಕಿಟಕಿ ಬರುತ್ತದೆ, ಆಮೇಲೆ ಎಲ್ಲರಿಗೂ ಗೊತ್ತಾಗುತ್ತದೆ.

ಪಿಸುಮಾಮ ಎದ್ದು ನಿಂತ. ಸ್ಟೂಲು ಕುಂಟಿತು. ಮಾತಿಗೆ ಗಂಟಲು ಬೇಕು. ಬೇರೊಂದಕ್ಕೆ ಬರೀ ಗಾಳಿ ಸಾಕು, ಅದೂ ಮೂಗು ಬಿಟ್ಟಿದ್ದರೆ. ಅವನು ಎದೆ ತುಂಬ ಗಾಳಿ ಎಳೆದುಕೊಂಡ.

"ಆ... ಆ... ಆಕ್ಷೀ!"

ಮೂವತ್ತೊಂದು ವರ್ಷದಲ್ಲಿ ಆ ರಂಗಮಂದಿರದ ಕೊನೆಯ ಸಾಲಿಗೆ ಕೇಳಿಸಿದ ಅವನ ಮೊದಲ ಸದ್ದು ಅದು. ಮೇಲಿನ ದೀಪದ ಕಂಬಿಯಿಂದ ಧೂಳು ಉದುರಿತು. ಮುನ್ನೂರು ತಲೆ ಎಡಕ್ಕೆ ತಿರುಗಿದವು.

ಅಕ್ಕನ ತಲೆಯೂ ತಿರುಗಿತು. ಅವಳು ವಿಂಗಿನ ಕತ್ತಲೆಯನ್ನು ನೋಡಿದಳು. ಆಮೇಲೆ, ಯಾರೋ ಭುಜ ಹಿಡಿದು ತಿರುಗಿಸಿದ ಹಾಗೆ, ಹಿಂದೆ ನೋಡಿದಳು. ತೊಟ್ಟಿ ಅಲ್ಲೇ ಇತ್ತು.

"ಕೇಳಿಸ್ತಾ?" ಅಂದಳು ಕೊಳ್ಳುವವನಿಗೆ. ಪುಸ್ತಕದಲ್ಲಿಲ್ಲದ ಮಾತು. "ನನ್ನ ತಮ್ಮ. ಒಳಗೆ ಮಲಗಿದಾನೆ. ಮೂರು ದಿನದಿಂದ ನೆಗಡಿ. ಹುಟ್ಟಿದಾಗಿಂದ ಅವನು ಬಾಯಿ ಬಿಟ್ಟು ಏನೂ ಕೇಳಿದವನಲ್ಲ. ಬೇಕಾದಾಗ ಹೀಗೆ ಒಂದು ಸೀನು. ಅವನಿಗೆ ದಿನಾ ಬಿಸಿನೀರು ಹಾಕಿ ಕೂರಿಸೋದು ಯಾವುದರಲ್ಲಿ ಅಂದ್ಕೊಂಡಿರಿ? ಈ ತೊಟ್ಟಿಯಲ್ಲಿ. ನಂಬಿಕೆ ಇಲ್ವಾ? ಬಗ್ಗಿ ಮೂಸಿ ನೋಡಿ."

ಕೊಳ್ಳುವವನಿಗೆ ಬೇರೆ ದಾರಿ ಇರಲಿಲ್ಲ. ಬಗ್ಗಿದ. ತಲೆ ಒಳಗೆ ಹೋದ ಹಾಗೆಯೇ ಹೊರಗೆ ಬಂತು, ಒಂದಲ್ಲ, ನಾಲ್ಕು ಸೀನಿನೊಂದಿಗೆ. ಅದರಲ್ಲಿ ನಟನೆ ಲವಲೇಶವೂ ಇರಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಎರಡನೇ ಸಾಲಿನಲ್ಲಿ ಯಾರೋ ಕರವಸ್ತ್ರ ತೆಗೆದರು. ಅಕ್ಕ ನಗು ಇಳಿಯುವವರೆಗೆ ಕಾದಳು. ಇದು ನಟನೆಯ ಮೌನ, ಅಳತೆ ಹಿಡಿದ ಮೌನ. ಆಮೇಲೆ ತೊಟ್ಟಿಯ ಅಂಚನ್ನು ಅಂಗೈಯಿಂದ ಮೆಲ್ಲಗೆ ಬಡಿದಳು.

"ನನ್ನ ನಾಲ್ಕು ಮಕ್ಕಳು ಅತ್ತಿದ್ದೂ ಇದರಲ್ಲೇ, ನಕ್ಕಿದ್ದೂ ಇದರಲ್ಲೇ. ಇದು ಮಾರಾಟಕ್ಕಿಲ್ಲ."

ನಾಟಕ ಮುಗಿದು ನಿರ್ದೇಶಕ ಒಳಗೆ ಬಂದಾಗ ಅಕ್ಕ ಬಣ್ಣ ಒರೆಸಿಕೊಳ್ಳುತ್ತಿದ್ದಳು, ಪಿಸುಮಾಮ ಪುಸ್ತಕಕ್ಕೆ ದಾರ ಕಟ್ಟುತ್ತಿದ್ದ.

"ಕಿಟಕಿ ಎರಡು ಸಲ ಬಂತು," ಅಂದ ನಿರ್ದೇಶಕ.

ಅಕ್ಕ ಇನ್ನೊಂದು ಕೆನ್ನೆಗೆ ಎಣ್ಣೆ ಹಚ್ಚಿದಳು.

"ನನಗೂ ನಾಟಕ ಬಾಯಿಪಾಠ ಇದೆ ಅಕ್ಕ. ಸುಳ್ಳು ಹೇಳಿ ನನ್ನ ಮೂಗಿಗೆ ತುಪ್ಪ ಸವರಬೇಡಿ."

"ಸುಳ್ಳೇಕೆ ಹೇಳಲಿ?" ಅಂದಳು ಅಕ್ಕ, ಕನ್ನಡಿಯಲ್ಲೇ ಅವನನ್ನು ನೋಡುತ್ತಾ. "ಮರೀತೀನಿ. ಹದಿನೇಳು ಕಡೆ ಮರೀತೀನಿ. ಇವತ್ತು ಹದಿನೆಂಟು. ನೀನು ಗುರುವಾರ ಇವನ ಹತ್ರ ಹೇಳಿದ್ದೂ ಕೇಳಿಸ್ಕೊಂಡೆ. ನಿನ್ನ ಪಿಸುಮಾತು ಹಿಂಬಾಗಿಲವರೆಗೆ ಕೇಳತ್ತಪ್ಪಾ. ಇವನ ಹತ್ರ ಕಲಿತ್ಕೋ. ತೊಟ್ಟಿ ಹೊತ್ಕೊಂಡು ಮೂರು ಮಹಡಿ ಹತ್ತಿಸಿದ್ದು ಸುಮ್ನೆ ಅಂದ್ಕೊಂಡ್ಯಾ? ಇವನ ಮೂಗು ಸರಿಯಿದ್ರೆ ತಾನೇ ನನ್ನ ನಾಲಿಗೆ ಸರಿಯಿರೋದು."

ಪಿಸುಮಾಮ ದಾರ ಕಟ್ಟುವುದನ್ನು ನಿಲ್ಲಿಸಿದ.

ನಿರ್ದೇಶಕ ಕುರ್ಚಿ ಎಳೆದುಕೊಂಡು ಕೂತ. "ಒಂದು ಹೇಳ್ತೀನಿ. ಹತ್ತೊಂಬತ್ತು ಪ್ರದರ್ಶನ ಆಯ್ತು. ಆ ಮನೇಲಿ ನಿಜವಾಗ್ಲೂ ಯಾರೋ ವಾಸ ಮಾಡ್ತಿದ್ದಾರೆ ಅಂತ ನನಗೆ ಅನ್ನಿಸಿದ್ದು ಇವತ್ತು, ಆ ಸೀನು ಕೇಳಿದಾಗ. ಪಾತ್ರ ನಿಮ್ಮದೇ ಇರಲಿ. ಆದ್ರೆ ಒಂದು ಷರತ್ತು. ಮಾಮ ಇನ್ನು ವಿಂಗಿನಲ್ಲಿ ಕೂರೋದು ಬೇಡ."

ಪಿಸುಮಾಮನ ಕೈಯಿಂದ ಪುಸ್ತಕ ಜಾರಿತು.

"ರಂಗದ ಮೇಲೆ ಕೂರಲಿ. ತೊಟ್ಟಿಗೆ ಒಂದು ಅಡ್ಡಪರದೆ ಹಾಕಿಸ್ತೀನಿ. ಅದರ ಹಿಂದೆ, ತೊಟ್ಟಿಯೊಳಗೆ, ನೆಗಡಿ ಹಿಡಿದ ತಮ್ಮ. ಕೈಯಲ್ಲಿ ಪುಸ್ತಕ. ನೀವು ಎಲ್ಲಿ ನಿಂತ್ರೂ ಎರಡು ಹೆಜ್ಜೆ ದೂರ. ಕನ್ನಡಿ ಆದ ಮೇಲೆ ಒಂದು ಸೀನು. ತಪ್ಪಬಾರದು."

"ನೀರು?" ಕಿರ್ರೆಂದ ಪಿಸುಮಾಮ.

"ನೀರು ಬೇಡ ಮಾಮ."

"ವಾಸನೆ ಇರಲಿ," ಅಂದಳು ಅಕ್ಕ. "ಎರಡು ಹನಿ. ನಾನೇ ಹಾಕ್ತೀನಿ."

"ಬೇಡ!" ಅಂದರು ಇಬ್ಬರೂ.

ಮನೆಗೆ ಬಂದ ಮೇಲೆ ಪಿಸುಮಾಮ ಪುಸ್ತಕ ಬಿಚ್ಚಿ, ಪೆನ್ಸಿಲು ಚೂಪು ಮಾಡಿ, ಕನ್ನಡಿಯ ಮಾತಿನ ಕೆಳಗೆ ಬರೆದ: ಆಕ್ಷೀ. ಆ ಪುಸ್ತಕದಲ್ಲಿ ಅವನ ಸ್ವಂತ ಮಾತು ಅದೊಂದೇ. ಬರೆದು ಬಹಳ ಹೊತ್ತು ಅದನ್ನೇ ನೋಡಿದ.

ಮುಂದಿನ ಭಾನುವಾರದ ಹೊತ್ತಿಗೆ ನೆಗಡಿ ಪೂರ್ತಿ ಹೋಗಿತ್ತು. ಅದೇ ತೊಂದರೆಯಾಯಿತು. ಬೆಳಿಗ್ಗೆ ಅವನು ಬಚ್ಚಲ ಕೋಣೆಯ ಕನ್ನಡಿಯ ಮುಂದೆ ನಿಂತು ತಾಲೀಮು ಮಾಡಿದ. ಬಾಯಿ ತೆರೆದ, ಮೂಗು ಹಿಗ್ಗಿಸಿದ, ಕಣ್ಣು ಮುಚ್ಚಿದ. ಏನೂ ಬರಲಿಲ್ಲ. ಮುನ್ನೂರು ಜನ, ಅಡ್ಡಪರದೆ, ಒಂದೇ ಒಂದು ಮಾತು. ಇಷ್ಟು ವರ್ಷ ಎಷ್ಟು ನಟರು ಹೀಗೆ ನಿಂತು ವಿಂಗಿನ ಕಡೆ ಕಣ್ಣು ಹಾಯಿಸಿದ್ದನ್ನು ಅವನು ನೋಡಿದ್ದ. ಹೇಗಿರುತ್ತದೆಂದು ಈಗ ತಿಳಿಯಿತು.

"ಏನಾಯ್ತೋ?" ಬಾಗಿಲ ಆಚೆ ಅಕ್ಕ.

"ಬರ್ತಿಲ್ಲ. ಮರೆತುಹೋಯ್ತು."

ಅವಳು ನಗುತ್ತಾಳೆ ಅಂದುಕೊಂಡ. ನಗಲಿಲ್ಲ. ಅರ್ಧ ಮುಚ್ಚಿದ ಬಾಗಿಲಿನ ಸಂದಿಯಿಂದ ಮೆಲ್ಲಗೆ, ಬೇಗವೂ ಅಲ್ಲದೆ ತಡವೂ ಅಲ್ಲದೆ, ಅವನ ಕಿವಿಗೆ ಮಾತ್ರ ಬೀಳುವ ಹಾಗೆ, ಪಿಸುಮಾತು ಬಂತು.

"ಆ... ಆ..."